ಬ್ಯಾಗಲ್ಲಿರೋ ತಿಂಡಿ ಕಸ್ಟಮ್ಸ್ ದಾಟುತ್ತಾ?

ರಜೆ ಪ್ರವಾಸದ ಸಮಯ, ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಸೂಟ್‌ಕೇಸಿನೊಳಗಿನ ತಿಂಡಿಯದ್ದೇ ಜಾಸ್ತಿ ವಿಚಾರ. ನಾಲ್ಕನ್ನು ಆರಿಸಿದ್ದೇವೆ.

ಪ್ರಶ್ನೆ: ನಾವು ಸಕಲೇಶಪುರ ಕಡೆಯ ಸಣ್ಣ ಬೆಳೆಗಾರರು. ಮುಂದಿನ ತಿಂಗಳು ವಿಯೆಟ್ನಾಂ ನೋಡಲು ಹೊರಟಿದ್ದೇವೆ. ಬರುವಾಗ ಅಲ್ಲಿನ ಕಾಫಿಪುಡಿ ತರಬಹುದಾ? ಜೊತೆಗೆ ಒಂದು ಹಿಡಿ ರೊಬಸ್ಟಾ ಬೀಜ ತಂದು ಪಾತಿ ಹಾಕಬೇಕು ಅಂತ ಆಸೆ. ಒಂದು ಹಿಡಿ ತಾನೇ, ಯಾರು ಕೇಳ್ತಾರೆ ಅಂತಾರೆ ಮನೆಯಲ್ಲಿ.

ಪುಡಿ ತನ್ನಿ. ಬೀಜ ಮಾತ್ರ ಬೇಡವೇ ಬೇಡ.

ಹುರಿದು ಪ್ಯಾಕ್ ಮಾಡಿದ ಕಾಫಿ, ಬಿಸ್ಕತ್ತು, ಚಾಕೊಲೇಟನ್ನು ಮನೆ ಬಳಕೆಗೆ ಆಗುವಷ್ಟು ತಂದರೆ ಯಾರ ತಕರಾರೂ ಇಲ್ಲ. ಮೊಳಕೆ ಬರುವ ಬೀಜದ್ದು ಬೇರೆಯದೇ ಲೆಕ್ಕ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತೋ ಬೀಜ, ಸಸಿ ತರಬೇಕಾದರೆ ಮೊದಲೇ ಆಮದು ಪರವಾನಗಿ ಇರಬೇಕು, ಜೊತೆಗೆ ಇದರಲ್ಲಿ ರೋಗ ಹುಳು ಇಲ್ಲ ಅಂತ ಆ ದೇಶದವರು ಕೊಟ್ಟ ಸರ್ಟಿಫಿಕೇಟೂ ಬೇಕು. ಕಸ್ಟಮ್ಸ್ ಫಾರ್ಮಿನಲ್ಲಿ ಬೀಜ, ಗಿಡ, ಹಣ್ಣು, ಹೂವಿಗೆ ಅಂತಲೇ ಒಂದು ಸಾಲಿದೆ. ಮಾಂಸ, ಮೀನು, ಹಾಲಿನ ಪದಾರ್ಥಗಳಿಗೆ ಇನ್ನೊಂದು. ಇವುಗಳಲ್ಲಿ ಯಾವುದಿದ್ದರೂ ಗ್ರೀನ್ ಚಾನಲ್‌ನಲ್ಲಿ ಸೀದಾ ನಡೆದು ಹೋಗುವ ಹಾಗಿಲ್ಲ, ರೆಡ್ ಚಾನಲ್‌ಗೆ ಹೋಗಿ ಹೇಳಬೇಕು.

ಕಾನೂನಿನ ಮಾತು ಹಾಗಿರಲಿ, ನೀವು ತೋಟದವರು, ಬೆರ್ರಿ ಬೋರರ್ ಏನು ಅಂತ ನಾವು ಹೇಳಬೇಕಾಗಿಲ್ಲ. ಹಣ್ಣಿನ ತುದಿಯಲ್ಲಿ ಸೂಜಿಯಲ್ಲಿ ಚುಚ್ಚಿದಂಥ ಒಂದು ತೂತು, ಒಳಗೆ ಎಳ್ಳಿಗಿಂತ ಚಿಕ್ಕದೊಂದು ಕಪ್ಪು ದುಂಬಿ, ಬಿಡಿಸಿ ನೋಡಿದರೆ ಬೇಳೆಯೆಲ್ಲ ಪುಡಿ. ಅದರ ಮೂಲ ಆಫ್ರಿಕಾ. ನಮ್ಮ ದೇಶದಲ್ಲಿ ಅದು ಮೊದಲು ಕಣ್ಣಿಗೆ ಬಿದ್ದಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ, ಅಲ್ಲಿಂದ ಕೊಡಗಿಗೆ ಬರೋದಕ್ಕೆ ಜಾಸ್ತಿ ಕಾಲ ಬೇಕಾಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಕುಯ್ಲಾದ ಮೇಲೆ ಗಿಡದಲ್ಲಿ ಉಳಿದ ಹಣ್ಣು, ನೆಲಕ್ಕೆ ಉದುರಿದ ಹಣ್ಣು ಆಯಿಸೋಕೆ ಬೆಳೆಗಾರರು ಆಳು ಹುಡುಕ್ತಾನೇ ಇದ್ದಾರೆ, ಅದರ ಕೂಲಿ ಕೊಡುವವರು ನೀವೇ ಅಲ್ವಾ? ಹೊರದೇಶದ ಒಂದು ಹಿಡಿ ಬೀಜದಲ್ಲಿ ಇಂಥದ್ದೇ ಇನ್ನೊಂದು ಬಂದರೆ ಅದು ನಿಮ್ಮ ಬೇಲಿಯೊಳಗೇ ನಿಲ್ಲೋದಿಲ್ಲ. ಹೊಸ ತಳಿ ಬೇಕಿದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಇರೋದು ನಾವು. ಹುಬ್ಬಳ್ಳಿಗೆ ಬಂದು ವಾಪಸ್ ಮನೆಗೆ ಹೊರಟಾಗ ಅಮ್ಮ ತೊಗರಿಬೇಳೆ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಸಾರಿನ ಪುಡಿ, ಧಾರವಾಡ ಪೇಡಾ ಎಲ್ಲಾ ಕಟ್ಟಿಕೊಡ್ತಾರೆ. ಬೇಡ ಅಂದರೆ ಬೇಜಾರು ಮಾಡ್ಕೋತಾರೆ. ಏನು ಮಾಡೋದು?

ಸಾರಿನ ಪುಡಿ ಬಿಟ್ಟು ಉಳಿದದ್ದೆಲ್ಲ ಹುಬ್ಬಳ್ಳಿಯಲ್ಲೇ ಇರಲಿ. ಅಮ್ಮನಿಗೆ ಕಾರಣ ಬಿಡಿಸಿ ಹೇಳಿ, ಒಪ್ಪುತ್ತಾರೆ.

ಖಾಪ್ರಾ ಅಂತ ಒಂದು ಹುಳು ಇದೆ, ದಾಸ್ತಾನು ಮಾಡಿದ ಕಾಳುಕಡಿ ತಿನ್ನುವ ದುಂಬಿ, ಅದರ ತವರು ನಮ್ಮ ಕಡೆಯೇ. ಇದರ ಮರಿಹುಳು ಚೀಲದ ಹೊಲಿಗೆಯಲ್ಲೋ ಡಬ್ಬದ ಸಂದಿಯಲ್ಲೋ ಸೇರಿಕೊಂಡರೆ ತಿನ್ನೋಕೆ ಏನೂ ಸಿಗದೆಯೂ ವರ್ಷಗಟ್ಟಲೆ ಬದುಕಿರುತ್ತೆ, ಔಷಧಿಗೂ ಸುಲಭಕ್ಕೆ ಬಗ್ಗೋದಿಲ್ಲ. 1953ರಲ್ಲಿ ಕ್ಯಾಲಿಫೋರ್ನಿಯಾದ ಗೋದಾಮಿನಲ್ಲಿ ಕಾಣಿಸಿಕೊಂಡ ಇದನ್ನು ಪೂರ್ತಿ ತೊಲಗಿಸುವಷ್ಟರಲ್ಲಿ 1966 ಆಗಿತ್ತು. ಗೋಧಿ ಬೆಳೆದು ಹೊರಗೆ ಮಾರುವ ಆಸ್ಟ್ರೇಲಿಯಾ ಹೆದರೋದರಲ್ಲಿ ನ್ಯಾಯ ಇದೆ. ಅದಕ್ಕೇ 2020ರಿಂದ ಅಕ್ಕಿ, ಬೇಳೆ, ಕಡಲೆ, ಹೆಸರುಕಾಳು, ಜೀರಿಗೆ, ಕೊತ್ತಂಬರಿ ಬೀಜ, ಸೋಂಪು, ಒಣಮೆಣಸಿನಕಾಯಿ ಇವನ್ನು ಪ್ರಯಾಣಿಕರು ಬ್ಯಾಗಿನಲ್ಲಿ ಒಯ್ಯುವ ಹಾಗೇ ಇಲ್ಲ. ಪೇಡಾ ಹಾಲಿನದ್ದು, ಕಾಲುಬಾಯಿ ರೋಗ ಇರುವ ದೇಶದ ಹಾಲಿನ ಸಿಹಿಗೂ ಅಲ್ಲಿ ಬಾಗಿಲು ಮುಚ್ಚಿದೆ. ಆ ರೋಗ ಆಸ್ಟ್ರೇಲಿಯಾದಲ್ಲಿ 1872ರ ಮೇಲೆ ಕಂಡಿಲ್ಲ.

ಇನ್ನು ಮುಖ್ಯವಾದ ಮಾತು. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆಯಾ ಅಂತ ಕೇಳಿರುತ್ತಾರೆ, ಹೌದು ಅಂತ ಗುರುತು ಹಾಕಿ, ಒಂದು ಪೊಟ್ಟಣ ಇದ್ದರೂ ಹಾಕಿ. ಹೇಳಿ ತೋರಿಸಿದ ವಸ್ತು ನಿಯಮಕ್ಕೆ ಹೊಂದದಿದ್ದರೆ ಹೆಚ್ಚೆಂದರೆ ತೆಗೆದುಕೊಂಡು ಎಸೀತಾರೆ, ದಂಡ ಇಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ 6,000 ಡಾಲರ್ ದಾಟಬಹುದು, ವೀಸಾದಲ್ಲಿ ಬಂದವರಿಗೆ ಅದೇ ರದ್ದಾಗಲೂಬಹುದು. ಮನೆಯ ಸಾರಿನ ಪುಡಿಯನ್ನೂ ಹೀಗೇ ತೋರಿಸಿ, ಅಧಿಕಾರಿ ನೋಡಿ ತೀರ್ಮಾನ ಮಾಡಲಿ. ಏನೇನು ಅಂತ ಒಂದು ಚೀಟಿಯಲ್ಲಿ ಬರೆದು, ತಿಂಡಿಯನ್ನೆಲ್ಲ ಒಂದೇ ಬ್ಯಾಗಿನಲ್ಲಿ ಮೇಲಕ್ಕೆ ಇಟ್ಟುಕೊಂಡರೆ ಬೇಗ ಕೆಲಸ ಮುಗಿಯುತ್ತೆ.

ಪ್ರಶ್ನೆ: ಅಮೆರಿಕಕ್ಕೆ ಮಗಳ ಮನೆಗೆ ಹೋಗ್ತಿದ್ದೇನೆ. ಕರಿಬೇವು ಒಣಗಿಸಿ ಒಯ್ದರೆ ಬಿಡ್ತಾರಂತೆ, ಹೌದಾ? ರಸಪುರಿ ಮಾವಿನಹಣ್ಣು ನಾಲ್ಕು ಇಟ್ಟುಕೊಳ್ಳಲಾ?

ಎರಡೂ ಬೇಡ ಅಮ್ಮ. ಭಾರತದ ಮಾವು ಅಮೆರಿಕಕ್ಕೆ 2007ರಿಂದ ಹೋಗುತ್ತಿದೆ ನಿಜ, ಆದರೆ ಅದು ವಿಕಿರಣದಿಂದ ಸಂಸ್ಕರಿಸಿ, ತಪಾಸಣೆ ಮುಗಿಸಿ ಕಳಿಸುವ ಹಣ್ಣು. ಕೈಚೀಲದ ಹಣ್ಣಿಗೆ ಆ ಅನುಮತಿ ಇಲ್ಲ. ಕರಿಬೇವಿನ ಎಲೆಯಲ್ಲಿ ಸಿಟ್ರಸ್ ಸಿಲ್ಲಿಡ್ ಅನ್ನೋ ಪುಟ್ಟ ಕೀಟ ಕೂತಿರುತ್ತೆ, ಕಿತ್ತಳೆ ನಿಂಬೆಗೆ ಗ್ರೀನಿಂಗ್ ರೋಗ ಹರಡೋದು ಅದೇ. ಫ್ಲಾರಿಡಾದಲ್ಲಿ ಈ ರೋಗ 2005ರಲ್ಲಿ ಕಾಣಿಸಿತು, ಆಮೇಲಿನ ಎರಡು ದಶಕದಲ್ಲಿ ಅಲ್ಲಿನ ಕಿತ್ತಳೆ ಬೆಳೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ನಮ್ಮ ಕೊಡಗಿನ ಕಿತ್ತಳೆ ಹಾಳಾಗಿದ್ದರಲ್ಲೂ ಇದೇ ರೋಗದ ಕೈವಾಡ ಇದೆ, ನೋಡಿದವರಿಗೆ ಆ ಸಂಕಟ ಗೊತ್ತು. ಒಣಗಿಸಿದ್ದು ಅಂತ ನೆಚ್ಚಿಕೊಳ್ಳಬೇಡಿ. ಅಲ್ಲಿನ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೀಗಲ್ ನಾಯಿಗಳನ್ನು ಇಟ್ಟಿದ್ದಾರೆ. ಬೊಗಳೋದಿಲ್ಲ, ವಾಸನೆ ಸಿಕ್ಕ ಬ್ಯಾಗಿನ ಪಕ್ಕ ಸುಮ್ನೆ ಕೂತುಬಿಡುತ್ತವೆ. ಮಗಳಿಗೆ ಬೇಕಾದ ಕರಿಬೇವು ಅಲ್ಲಿನ ಇಂಡಿಯನ್ ಸ್ಟೋರಿನಲ್ಲೇ ಸಿಗುತ್ತೆ. ನೀವು ಒಯ್ಯೋದು ಉಪ್ಪಿನಕಾಯಿ, ಚಕ್ಕುಲಿ, ಕೋಡುಬಳೆ ಇರಲಿ, ಅದನ್ನೂ ಕೇಳಿದಾಗ ಹೇಳಿ.

ಪ್ರಶ್ನೆ: ತಿಪಟೂರಿನಿಂದ ದುಬೈಗೆ ತಮ್ಮನ ಮನೆಗೆ ಹೊರಟಿದ್ದೇವೆ. ಪಾಯಸಕ್ಕೆ ಗಸಗಸೆ, ನಮ್ಮ ಕೊಬ್ಬರಿ ಒಯ್ಯಬಹುದಾ?

ಗಸಗಸೆ ಒಂದು ಚಮಚವೂ ಬೇಡ, ದಯವಿಟ್ಟು. ನಮ್ಮ ಅಡುಗೆಮನೆಯ ಸಾಮಾನ್ಯ ಪದಾರ್ಥವನ್ನು ಯುಎಇ ಕಾನೂನು ಮಾದಕ ವಸ್ತುವಿನ ಜೊತೆ ಸೇರಿಸುತ್ತೆ. ಗಿಡ ಅಫೀಮಿನದ್ದೇ ಅಲ್ವಾ. ಅಲ್ಲಿ ದಂಡ ಕಟ್ಟಿ ಬರುವ ಮಾತಲ್ಲ, ಜೈಲಿನವರೆಗೂ ಹೋಗಬಹುದು. ಮಸಾಲೆ ಪುಡಿಗೆ ಹುರಿದು ಹಾಕಿದ್ದೀರಾ ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಿ, ಹಾಕಿದ್ದರೆ ಆ ಪುಡಿಯೂ ಮನೆಯಲ್ಲೇ ಇರಲಿ. ಇಡೀ ಒಣಕೊಬ್ಬರಿಯನ್ನು ತಡೆಯೋದು ದುಬೈನವರಲ್ಲ, ಬೆಂಗಳೂರಿನಲ್ಲೇ ವಿಮಾನ ಹತ್ತುವ ಮೊದಲು ತೆಗೆಸ್ತಾರೆ: ಎಣ್ಣೆಯಂಶ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು ಅಂತ. ಪಾಯಸ ಮಾಡಲೇಬೇಕು ಅಂದರೆ ಶ್ಯಾವಿಗೆ ಒಯ್ಯಿರಿ.