ಪೋರ್ಷೆ 944ಕ್ಕೆ ಕ್ಲಚ್ ಕೆಲಸ ಆದ ಮೇಲೆ ಬೆಳಗ್ಗೆ ಸ್ಟಾರ್ಟ್ ಆಗುತ್ತೆ, ಬಿಸಿಯಲ್ಲಿ ಆಗುತ್ತಿಲ್ಲ. ಫ್ಲೈವೀಲ್ ಸೆನ್ಸರ್ ಯಾವ ಕಂಪನಿಯದು ಹಾಕಲಿ?

ಕಂಪನಿ ಆಮೇಲೆ ನೋಡೋಣ. ಕ್ಲಚ್ ಮಾಡಿದವರು ಸೆನ್ಸರ್‌ಗೂ ಫ್ಲೈವೀಲಿಗೂ (ಇಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರ) ನಡುವಿನ ಗ್ಯಾಪ್ ಅಳೆದಿದ್ದಾರಾ? ಬೆಳಗ್ಗೆ ಸ್ಟಾರ್ಟ್ ಆಗುತ್ತೆ, ಬಿಸಿಯಾದ ಮೇಲೆ ಇಲ್ಲ ಅಂದಿರಲ್ಲ, ನನ್ನ 1986ರ ಕಾರು ಎರಡು ತಿಂಗಳು ಹೀಗೇ ಮಾಡಿತ್ತು.

ನನ್ನದೂ ಕ್ಲಚ್ ಕೆಲಸದ ನಂತರವೇ. ಹಳೆಯ ಸೆನ್ಸರ್ ಬ್ರಾಕೆಟ್‌ನಲ್ಲಿ ಕಚ್ಚಿಕೊಂಡು ಎಳೆಯುವಾಗ ಮುರಿಯಿತು. ಒಂದೇ ಬ್ರಾಕೆಟ್‌ನಲ್ಲಿ ಎರಡು ಸೆನ್ಸರ್ ಇರುತ್ತವೆ, ಹೊಸ ಜೋಡಿ ತರಿಸಿ ನಾನೇ ಹಾಕಿದೆ. ಸೆನ್ಸರ್ ತುದಿಗೂ ಫ್ಲೈವೀಲಿಗೂ ನಡುವೆ 0.8 ಮಿ.ಮೀ. ಇರಬೇಕು. ತುದಿ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಕವಚ) ಒಳಗೆ, ಕಣ್ಣಿಗೆ ಕಾಣಲ್ಲ. ಅದಕ್ಕೆ ತುದಿಗೆ 0.8ರ ವಾಷರ್ ಅಂಟಿಸಿ, ಫ್ಲೈವೀಲಿಗೆ ತಾಗುವವರೆಗೆ ಬ್ರಾಕೆಟ್ ತಳ್ಳಿ, ಬೋಲ್ಟ್ ಬಿಗಿ ಮಾಡಿ, ಸೆನ್ಸರ್ ಹೊರಗೆ ತೆಗೆದು ವಾಷರ್ ಕಿತ್ತು ಮತ್ತೆ ಕೂರಿಸುತ್ತಾರೆ.

ಇದೆಲ್ಲಾ ಸರಿಯಾಗಿಯೇ ಮಾಡಿದೆ. ಆದರೆ ವಾಷರ್ ಡಬ್ಬಿಯಿಂದ ಕೈಗೆ ಸಿಕ್ಕಿದ ಎಂ6 ವಾಷರ್. ಅದು 1.6 ಮಿ.ಮೀ. ದಪ್ಪ! ನಾನು ಅಳೆಯಲಿಲ್ಲ. ತೆಳ್ಳಗಿದೆ, ಸಾಕು ಅಂದುಕೊಂಡೆ. ಗ್ಯಾಪ್ ಸರಿಯಾಗಿ ಎರಡರಷ್ಟಾಯಿತು. ಈ ಸೆನ್ಸರ್ ಒಳಗೆ ಕಾಯಿಲ್, ಅಯಸ್ಕಾಂತ ಅಷ್ಟೇ. ಫ್ಲೈವೀಲಿನ ಹಲ್ಲುಗಳು ಹತ್ತಿರದಲ್ಲಿ, ಜೋರಾಗಿ ಹಾದುಹೋದರೆ ಸಿಗ್ನಲ್ ಗಟ್ಟಿ. ದೂರ ಇದ್ದು ನಿಧಾನ ಆದರೆ ಸಿಗ್ನಲ್ ಇಲ್ಲ. ಬೆಳಗ್ಗೆ ಬ್ಯಾಟರಿ ತುಂಬಿತ್ತು, ಸ್ಟಾರ್ಟರ್ ಚುರುಕಾಗಿ ತಿರುಗಿಸುತ್ತಿತ್ತು. ಬಿಸಿಯಲ್ಲಿ ಅದೇ ಸ್ಟಾರ್ಟರ್ ನಿಧಾನವಾಗುತ್ತಿತ್ತು, ಆಗ ಇಂಜಿನ್ ಕಂಪ್ಯೂಟರ್ ಇಸಿಯುಗೆ ಫ್ಲೈವೀಲ್ ತಿರುಗುತ್ತಿರುವುದೇ ಗೊತ್ತಾಗುತ್ತಿರಲಿಲ್ಲ. ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ.

ಮಲ್ಟಿಮೀಟರ್ ಇಟ್ಟರೆ ಸೆನ್ಸರ್ ಚೆನ್ನಾಗೇ ಇತ್ತು, ಯಾಕೆಂದರೆ ಓಮ್ಸ್‌ನಲ್ಲಿ ಗ್ಯಾಪ್ ತಿಳಿಯಲ್ಲ. ಹಾಗಾಗಿ ಜೆ.ಸಿ. ರಸ್ತೆಗೆ ಓಡಿ ಬ್ಯಾಟರಿ ತಂದೆ. ಆಮೇಲೆ ರಿಲೇ. ಆಮೇಲೆ ಪೆಟ್ರೋಲ್ ಪಂಪ್. ಒಂದು ಸಂಜೆ ಮಿನರ್ವ ಸರ್ಕಲ್‌ನಲ್ಲಿ ಕಾರು ನಿಂತಿತು. ನಾಲ್ಕು ಜನ ಬಂದು ತಳ್ಳಿದರು, ಎರಡನೇ ಗೇರಲ್ಲಿ ಕ್ಲಚ್ ಬಿಟ್ಟೆ, ತಕ್ಷಣ ಸ್ಟಾರ್ಟ್! ತಳ್ಳಿದರೆ ಯಾಕೆ ಆಗುತ್ತೆ ಅಂತ ಅವತ್ತು ಯೋಚಿಸಿದ್ದರೆ ಅಲ್ಲೇ ಉತ್ತರ ಇತ್ತು: ತಳ್ಳಿದಾಗ ಫ್ಲೈವೀಲ್ ಜೋರಾಗಿ ತಿರುಗುತ್ತೆ, ಸಿಗ್ನಲ್ ಸಿಗುತ್ತೆ.

ಕೊನೆಗೆ ಶಿವಾಜಿನಗರದ ಒಬ್ಬ ಹಿರಿಯ ಮೇಸ್ತ್ರಿ ಬಾನೆಟ್ ಕೂಡ ಎತ್ತದೆ, "ಸಾರ್, ಕ್ರ್ಯಾಂಕ್ ಮಾಡುವಾಗ ಆರ್‌ಪಿಎಂ ಸೂಜಿ ನೋಡಿದ್ರಾ?" ಅಂದರು. ಸ್ಟಾರ್ಟರ್ ತಿರುಗಿಸುತ್ತಿದ್ದರೂ ಸೂಜಿ ಸತ್ತ ಹಾಗೆ ಬಿದ್ದಿತ್ತು. ಸಿಗ್ನಲ್ ಇದ್ದರೆ ಅದು ಸ್ವಲ್ಪವಾದರೂ ಅಲ್ಲಾಡಬೇಕು. ಅವರೇ ನನ್ನ ವಾಷರನ್ನು ವರ್ನಿಯರ್‌ನಲ್ಲಿ ಹಿಡಿದು ತೋರಿಸಿದರು.

ಆದ್ದರಿಂದ ಈಗಲೇ ಹೊಸ ಸೆನ್ಸರ್ ಆರ್ಡರ್ ಮಾಡಬೇಡಿ. ದುಬಾರಿಯದ್ದು ಹಾಕಿದರೂ ಗ್ಯಾಪ್ ತಪ್ಪಿದ್ದರೆ ಅದೇ ಕಥೆ. ಬಿಸಿ ಇರುವಾಗ ಕ್ರ್ಯಾಂಕ್ ಮಾಡಿ ಸೂಜಿ ನೋಡಿ. ಅಲ್ಲಾಡದಿದ್ದರೆ ಗ್ಯಾಪ್ ಮತ್ತೆ ಹೊಂದಿಸಿ: ಅದಕ್ಕೆ ಹಾಕುವ ವಾಷರನ್ನು ವರ್ನಿಯರ್ ಇಟ್ಟು ಅಳೆಯಿರಿ, ಬೇಕಾದರೆ ಎಮರಿ ಪೇಪರ್ ಮೇಲೆ ಉಜ್ಜಿ 0.8ಕ್ಕೆ ತನ್ನಿ. ಅಂಟು ತೆಳ್ಳಗಿರಲಿ, ಅದೂ ದಪ್ಪಕ್ಕೆ ಸೇರುತ್ತೆ. ಇನ್ನೊಂದು, ಎರಡು ಸೆನ್ಸರ್‌ಗಳ ಪ್ಲಗ್ ನೋಡೋಕೆ ಒಂದೇ ಥರ. ಅದಲುಬದಲಾದರೆ ಬೆಳಗ್ಗೆಯೂ ಸ್ಟಾರ್ಟ್ ಆಗಲ್ಲ. ಬಿಚ್ಚುವ ಮುಂಚೆ ಒಂದಕ್ಕೆ ಬಣ್ಣದ ಟೇಪ್ ಸುತ್ತಿ.