ರೆಕ್ಕೆಯ ಹೆಣ್ಣು ಸಾಕು, ಲೆಕ್ಕ ಕೊಡಿ

ಪತ್ರ: ನಾನು ಚಿತ್ರಕಲಾ ಶಿಕ್ಷಕಿ. ಲಿಂಗ ಸಮಾನತೆಗಾಗಿ ಜಗತ್ತಿನಾದ್ಯಂತ ನಡೆದಿರುವ ಚಳವಳಿಗೆ ನಮ್ಮದೂ ಒಂದು ಪಾಲಿರಲಿ ಎಂದು ಹನ್ನೆರಡು ಮಂದಿ ಸೇರಿ ಮಾರ್ಚ್ 8ರ ಹೊತ್ತಿಗೆ ಒಂದು ದೊಡ್ಡ ಗೋಡೆಗೆ ಚಿತ್ರ ಬರೆಯಲು ಹೊರಟಿದ್ದೇವೆ. ಸಂಕೋಲೆ ಕಡಿದು ರೆಕ್ಕೆ ಬಿಚ್ಚಿ ಹಾರುವ ಹೆಣ್ಣು ನನ್ನ ಕಲ್ಪನೆ. ಕೆಲವರು ‘ಪ್ರಚಾರಕ್ಕಿಳಿದರೆ ಕಲೆ ಸಾಯುತ್ತದೆ, ಗೋಡೆಯನ್ನೇ ಬಿಡೋಣ’ ಎನ್ನುತ್ತಾರೆ. ಇನ್ನು ಕೆಲವರಿಗೆ ಪೋಸ್ಟರ್, ಹೊಲಿಗೆಯ ಬ್ಯಾನರ್ ಬೇಕಂತೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿದೆ. ತಾವೇನು ಹೇಳುತ್ತೀರಿ?

ಸಂಪಾದಕರ ಉತ್ತರ:

ಮೇಡಂ, ಪೋಸ್ಟರ್ ಮತ್ತು ಹೊಲಿಗೆ ಬೇಕೆನ್ನುವ ಆ ‘ಇನ್ನು ಕೆಲವರು’ ಯಾರೋ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಮೊದಲ ಗುಂಪಿನ ಮಾತನ್ನೂ ತಳ್ಳಿಹಾಕುವುದಿಲ್ಲ. ವಕ್ರವಾಗಿ ಬರೆದ ಘೋಷಣೆ, ಅರ್ಧ ದಿನದಲ್ಲಿ ಬಳಿದ ಬಣ್ಣ, ಕೆಳಗೆ ಪ್ರಾಯೋಜಕರ ಲಾಂಛನ, ಇಂಥದ್ದನ್ನು ಕಂಡು ಅವರು ಬೇಸತ್ತಿದ್ದರೆ ತಪ್ಪಿಲ್ಲ. ಆದರೆ ಪ್ರಚಾರ ಕಲೆಯನ್ನು ಕೊಲ್ಲುತ್ತದೆ ಎಂಬ ಮಾತಿಗೆ ಇತಿಹಾಸದ ಬೆಂಬಲ ಕಡಿಮೆ. ಕಲೆಯನ್ನು ಕೊಂದದ್ದು ಬಹುಪಾಲು ಸೋಮಾರಿತನ. ನಿಮ್ಮ ರೆಕ್ಕೆಯ ಹೆಣ್ಣಿನ ಬಗ್ಗೆ ನನಗಿರುವ ತಕರಾರೂ ಅದೇ, ಬೈದೆನೆಂದು ತಿಳಿಯಬೇಡಿ. ಆಕೆಗೆ ಮುಖವಿಲ್ಲ, ಕೆಲಸವಿಲ್ಲ, ಬೇಡಿಕೆಯಿಲ್ಲ. ಅವಳನ್ನು ನೋಡಿ ಯಾವ ಮಾಲೀಕನಿಗೂ, ಯಾವ ಅಧಿಕಾರಿಗೂ ಇರುಸುಮುರುಸಾಗುವುದಿಲ್ಲ. ಉದ್ಘಾಟನೆಗೆ ಅವರೇ ಬಂದು ದೀಪ ಹಚ್ಚಿ ಹೋಗುತ್ತಾರೆ.

ನೀವು ಓದಿಕೊಂಡವರು, ತಕ್ಷಣ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಹೆಸರು ತೆಗೆಯುತ್ತೀರಿ. ಬ್ರಿಟನ್ನಿನ ಹೆಂಗಸರ ಮತದಾನದ ಹಕ್ಕಿನ ಚಳವಳಿಗೆ ಕಹಳೆ ಊದುವ ರೆಕ್ಕೆಯ ದೇವತೆಯನ್ನು ಬರೆದುಕೊಟ್ಟವಳು ಅವಳೇ ಅಲ್ಲವೇ ಎಂದು. ನಿಜ. ಆದರೆ ಅದೇ ಸಿಲ್ವಿಯಾ 1907ರಲ್ಲಿ ಇಂಗ್ಲೆಂಡಿನ ಮಧ್ಯ ಮತ್ತು ಉತ್ತರ ಭಾಗ, ಸ್ಕಾಟ್ಲೆಂಡ್ ಸುತ್ತಿ, ಹತ್ತಿ ಗಿರಣಿ, ಕುಂಬಾರಿಕೆ ಕಾರ್ಖಾನೆ, ಸರಪಳಿ ಬಡಿಯುವ ಕುಲುಮೆ, ಹೊಲಗಳಲ್ಲಿ ದುಡಿಯುತ್ತಿದ್ದ ಹೆಂಗಸರನ್ನು ಕೆಲಸದ ಜಾಗದಲ್ಲೇ ಕೂತು ಚಿತ್ರಿಸಿದಳು. ಜತೆಗೆ ಅವರ ಕೂಲಿ, ದುಡಿಮೆಯ ಪರಿಸ್ಥಿತಿಯನ್ನೂ ಬರೆದಿಟ್ಟಳು. ಮ್ಯಾಂಚೆಸ್ಟರಿನಲ್ಲೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲೂ ಕಲಿತ ಕೈ ಅದು. ದೇವತೆ ಬ್ಯಾಡ್ಜುಗಳ ಮೇಲೆ, ಪಿಂಗಾಣಿ ಬಟ್ಟಲುಗಳ ಮೇಲೆ ಕೂತಳು. ಗಿರಣಿಯ ಯಂತ್ರದ ಮುಂದೆ ಬಾಗಿದ ಆ ಹೆಂಗಸರ ಬೆನ್ನು ಇಂದಿಗೂ ಕೂಲಿಯ ಪ್ರಶ್ನೆ ಕೇಳುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಮತ ಯಾವುದಕ್ಕೆಂದು ಬಿಡಿಸಿ ಹೇಳಬೇಕಿಲ್ಲ.

ಕಲಾವಿದರು ಚಳವಳಿಗೆ ಬಂದಾಗ ತಮ್ಮ ಕಸುಬಿನ ಬುದ್ಧಿಯನ್ನೂ ತಂದರು ಎಂಬುದನ್ನು ನಿಮ್ಮ ಶುದ್ಧಕಲಾವಾದಿಗಳಿಗೆ ಹೇಳಿ. 1907ರಲ್ಲಿ ಅದೇ ಮತದಾನದ ಹಕ್ಕಿಗಾಗಿ ಆರ್ಟಿಸ್ಟ್ಸ್ ಸಫ್ರೇಜ್ ಲೀಗ್ ಕಟ್ಟಿದ ಮೇರಿ ಲೌಂಡ್ಸ್ ಚರ್ಚಿನ ಕಿಟಕಿಗಳಿಗೆ ಬಣ್ಣದ ಗಾಜು ಕೂರಿಸುವ ಕಲಾವಿದೆ. ಗಾಜಿನ ಕೆಲಸದಲ್ಲಿ ನೆರಳುಬೆಳಕಿನ ನಯವಾದ ಇಳಿಜಾರಿಗೆ ಅವಕಾಶ ಕಡಿಮೆ. ಅಗಲವಾದ ಸಪಾಟು ಬಣ್ಣ, ಸುತ್ತ ಸೀಸದ ಕಪ್ಪು ಗೆರೆ. ದೂರದಿಂದ ನೋಡಬೇಕಾದ ಬ್ಯಾನರಿಗೆ ಬೇಕಾದದ್ದೂ ಅದೇ. 1908ರ ಜೂನ್ 13ರ ಲಂಡನ್ ಮೆರವಣಿಗೆಗೆ ಆ ಗುಂಪು ಹತ್ತಾರು ಬ್ಯಾನರುಗಳನ್ನು ಹೊಲಿದುಕೊಟ್ಟಿತು. 1909ರಲ್ಲಿ ಹುಟ್ಟಿದ ಸಫ್ರೇಜ್ ಅಟೆಲಿಯರ್ ಎಂಬ ಇನ್ನೊಂದು ಕಲಾವಿದರ ಗುಂಪು ಇನ್ನೂ ಜಾಣತನ ತೋರಿಸಿ, ಹೆಂಗಸರಿಗೆ ಅಚ್ಚು ಕೊರೆದು ಕೈಯಲ್ಲೇ ಒತ್ತಿ ಮುದ್ರಿಸುವುದನ್ನು ಕಲಿಸಿತು. ಮುದ್ರಣಾಲಯದವನ ದಾರಿ ಕಾಯಬೇಕಿಲ್ಲ. ಬೆಳಗ್ಗೆ ಮಂತ್ರಿಯೊಬ್ಬ ಹಗುರವಾಗಿ ಮಾತಾಡಿದರೆ ಅದಕ್ಕೆ ಉತ್ತರ ಬೇಗನೆ ಬೀದಿಗೆ ಬರುತ್ತಿತ್ತು. ನಿಮ್ಮ ಗೋಡೆಗೆ ಆ ಚುರುಕು ಬರುವುದಿಲ್ಲ, ಕ್ಷಮಿಸಿ.

ಇನ್ನು ಏನನ್ನು ಬರೆಯುವುದು? ಮೊದಲು ಎಣಿಸಿ. 1984ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಮಕಾಲೀನ ಕಲೆಯ ಅಂತರರಾಷ್ಟ್ರೀಯ ಪ್ರದರ್ಶನವೊಂದನ್ನು ನಡೆಸಿತು. ಅದರಲ್ಲಿದ್ದ 169 ಕಲಾವಿದರಲ್ಲಿ ಹೆಂಗಸರು 13. ಮರುವರ್ಷ ಗೊರಿಲ್ಲಾ ಮುಖವಾಡ ತೊಟ್ಟ ‘ಗೆರಿಲ್ಲಾ ಗರ್ಲ್ಸ್’ ಹುಟ್ಟಿಕೊಂಡರು. 1989ರ ಅವರ ಪೋಸ್ಟರು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಆಧುನಿಕ ಕಲಾ ವಿಭಾಗದೊಳಗೆ ಹೋಗಿ ಎಣಿಸಿ ಬಂದ ಫಲ: ಕಲಾವಿದರಲ್ಲಿ ಹೆಂಗಸರು ಶೇ 5ಕ್ಕಿಂತ ಕಡಿಮೆ, ನಗ್ನಚಿತ್ರಗಳಲ್ಲಿ ಹೆಣ್ಣು ಶೇ 85. ಜಾಹೀರಾತು ಫಲಕಕ್ಕೆಂದು ಮಾಡಿದ ಅದನ್ನು ಆಹ್ವಾನಿಸಿದ ಸಂಸ್ಥೆಯೇ ತಿರಸ್ಕರಿಸಿತು, ಅವರು ಬಸ್ಸುಗಳ ಮೇಲೆ ಹಾಕಿಸಿದರು. 2005ರಲ್ಲಿ ಮತ್ತೆ ಎಣಿಸಿದಾಗ ಕಲಾವಿದೆಯರ ಪಾಲು ಶೇ 3ಕ್ಕೂ ಕೆಳಗಿಳಿದಿತ್ತು! ಒಂದೇ ಪೋಸ್ಟರನ್ನು ಹೊಸ ಅಂಕಿ ಹಾಕಿ ಮರಳಿ ಮುದ್ರಿಸಬಹುದು ಎಂಬುದೇ ಅದರ ಶಕ್ತಿ.

ನೀವೂ ಎಣಿಸಬಹುದು. ಗ್ರಂಥಾಲಯದ ಒಂದು ಕಪಾಟು, ಒಂದು ಪಠ್ಯಪುಸ್ತಕದ ಚಿತ್ರಗಳು, ಒಂದು ಕಲಾಶಾಲೆಯ ಪ್ರಾಧ್ಯಾಪಕರ ಪಟ್ಟಿ, ಯಾವುದಾದರೂ ಒಂದೇ ಒಂದು. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಆಮೇಲೆ ತಾಳೆ ನೋಡಿ. ಹೆಸರಿನಿಂದ ಗಂಡೋ ಹೆಣ್ಣೋ ಊಹಿಸಬೇಡಿ. ಗೊತ್ತಾಗದ್ದಕ್ಕೆ ‘ತಿಳಿಯದು’ ಎಂಬ ಮೂರನೆಯ ಕಲಂ ಇರಲಿ. ಒಟ್ಟು ಸಂಖ್ಯೆ ಚಿಕ್ಕದಿದ್ದರೆ ಶೇಕಡಾವಾರು ಬೇಡ. ಒಂಬತ್ತರಲ್ಲಿ ಒಂದನ್ನು ‘ಶೇ 11’ ಎಂದು ಬರೆದರೆ ವಿರೋಧಿಗಳು ನಗುತ್ತಾರೆ, ನ್ಯಾಯವಾಗಿಯೇ. ಎಣಿಸಿದ ಜಾಗ ಮತ್ತು ದಿನಾಂಕ ಪೋಸ್ಟರಿನ ಅಡಿಯಲ್ಲಿರಬೇಕು. ಅದಿಲ್ಲದಿದ್ದರೆ ಒಬ್ಬ ಗುಮಾಸ್ತ ‘ಇದು ಹಳೆಯ ಲೆಕ್ಕ’ ಎಂದುಬಿಟ್ಟರೆ ನಿಮ್ಮ ಪೋಸ್ಟರು ಬರೀ ಕಾಗದ.

ಅಕ್ಷರದ ಮಾತಿಗೆ ಬರೋಣ. ಒಳ್ಳೆಯ ಕೆಲಸಗಳು ಇಲ್ಲೇ ಕೆಡುವುದನ್ನು ಕಂಡು ನನಗೆ ರೇಗುತ್ತದೆ. ಮೂರು ಮೀಟರ್ ದೂರಕ್ಕೆ ಎರಡೂವರೆ ಸೆಂ.ಮೀ. ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ಹಳೆಯ ಲೆಕ್ಕ. ಮೂವತ್ತು ಮೀಟರ್ ಆಚೆಯಿಂದ ಓದಬೇಕಾದರೆ 25 ಸೆಂ.ಮೀ. ಬೇಕು. ಇದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಸರಿ. ಕನ್ನಡದಲ್ಲಿ ಒತ್ತಕ್ಷರ ಮೂಲಾಕ್ಷರದ ಅರ್ಧದಷ್ಟೇ ಇರುವುದರಿಂದ ಅರ್ಧ ದಾರಿಯಲ್ಲೇ ಮಸುಕಾಗುತ್ತದೆ. ಆದ್ದರಿಂದ ಅಳತೆಯನ್ನು ಒತ್ತಕ್ಷರದಿಂದ ಶುರುಮಾಡಿ. ಸಾಲಿನಿಂದ ಸಾಲಿಗೆ ಜಾಗವನ್ನೂ ಧಾರಾಳವಾಗಿ ಬಿಡಿ. ‘ಸ್ತ್ರೀ’ ಎಂಬುದರ ಕೆಳಗಿನ ಎರಡು ಒತ್ತುಗಳು ಮುಂದಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದು ಎರಡೂ ಸಾಲು ಕೆಡುತ್ತವೆ. ಇನ್ನೂ ಒಳ್ಳೆಯದೆಂದರೆ ಒತ್ತು ಕಡಿಮೆ ಇರುವ ಮಾತನ್ನೇ ಆರಿಸುವುದು. ‘ಸಮಾನ ಕೆಲಸಕ್ಕೆ ಸಮಾನ ಸಂಬಳ’ ಎಂಬುದರಲ್ಲಿ ಇರುವುದು ಒಂದೇ ಒತ್ತು. ‘ಲಿಂಗತ್ವಾಧಾರಿತ ದೌರ್ಜನ್ಯ ನಿರ್ಮೂಲನೆ’ ಎಂದು ಬರೆಯಲು ಹೊರಟವರು ಬ್ಯಾನರ್ ಬಿಟ್ಟು ಸುತ್ತೋಲೆ ಹೊರಡಿಸಲಿ.

ಇಲ್ಲೊಂದು ತಮಾಷೆ. ಬ್ಯಾನರ್ ಮಾಡುವುದರ ಬಗ್ಗೆ ಕಿರುಪುಸ್ತಕ ಬರೆದ ಲೌಂಡ್ಸ್ ಅವರೇ ಬ್ಯಾನರನ್ನು ಓದುವುದಕ್ಕೆಂದು ಮಾಡಬಾರದು, ಅದು ಗಾಳಿಯಲ್ಲಿ ಆಡಬೇಕು, ಅರ್ಧ ತೋರಿ ಅರ್ಧ ಅಡಗಬೇಕು ಎಂದು ವಾದಿಸಿದ್ದರು. ಈ ಒಂದು ವಿಷಯದಲ್ಲಿ ನಾನು ಅವರ ಜತೆ ಹೋಗಲಾರೆ. ಬಟ್ಟೆಯ ಆಯ್ಕೆಯಲ್ಲಿ ಮಾತ್ರ ಅವರ ಮಾತು ಕೇಳಿ: ಗಾಳಿಗೆ ಹೊರಳುವಷ್ಟು ತೆಳುವಾಗಿರಲಿ. ಪ್ಲಾಸ್ಟಿಕ್ ಫ್ಲೆಕ್ಸು ಹಾಯಿಯಂತೆ ಗಾಳಿ ಹಿಡಿದು ಹೊತ್ತವರ ಭುಜ ಮುರಿಯುತ್ತದೆ. ಅಕ್ಷರವನ್ನು ಬಣ್ಣದಲ್ಲಿ ಬರೆಯುವುದಕ್ಕಿಂತ ಬಟ್ಟೆಯಲ್ಲಿ ಕತ್ತರಿಸಿ ಹೊಲಿದರೆ ಮಡಚಿಟ್ಟಾಗ ಬಿರುಕು ಬಿಡುವುದಿಲ್ಲ, ಮುಂದಿನ ವರ್ಷಕ್ಕೂ ಬರುತ್ತದೆ.

ಪೋಸ್ಟರನ್ನು ಸ್ಟೆನ್ಸಿಲ್‌ನಲ್ಲಿ ಮಾಡುವುದಾದರೆ ಮ, ವ, ಠ ಮೊದಲಾದ ಅಕ್ಷರಗಳ ಒಳಗಿನ ಮುಚ್ಚಿದ ಸುತ್ತು ಕತ್ತರಿಸಿದೊಡನೆ ಕಳಚಿ ಬೀಳುತ್ತದೆ. ಅಲ್ಲಲ್ಲಿ ನಾಲ್ಕೈದು ಮಿ.ಮೀ. ಕೊಂಡಿ ಬಿಟ್ಟು ಕತ್ತರಿಸಿ. ಲಿನೋಲಿಯಂ ಹಾಳೆ ಕೊರೆದು ಅಚ್ಚೊತ್ತುವ ಲಿನೋದಲ್ಲಾದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಶಿಕ್ಷಕಿಯಾದ ನಿಮಗೆ ಹೇಳಬೇಕಿಲ್ಲ, ಗುಂಪಿನ ಉಳಿದವರಿಗೆ ಹೇಳಿ. ಮಸಿ ಹೆಚ್ಚಾದರೆ ಒತ್ತಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ರೋಲರ್ ಉರುಳಿಸಿದಾಗ ಸಣ್ಣಗೆ ಸರಸರ ಸದ್ದು ಬಂದರೆ ಮಸಿ ಹದ, ಪಚಪಚ ಎಂದರೆ ಜಾಸ್ತಿ. ಅಂಟಿಸಲು ಮೈದಾ ಅಂಟು ಸಾಕು: ಒಂದು ಲೋಟ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ನಾಲ್ಕು ಲೋಟ ನೀರಿಗೆ ಸುರಿದು, ಪಾರದರ್ಶಕವಾಗುವವರೆಗೆ ತಿರುವುತ್ತಿರಿ. ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟಿ ಪೋಸ್ಟರಿನ ಮೇಲೆ ಗುಳ್ಳೆ ಏಳುತ್ತದೆ. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುವುದರಿಂದ ಬೇಕಾದಷ್ಟೇ ಮಾಡಿ. ಗೋಡೆಯವರ ಅನುಮತಿ ಬರಹದಲ್ಲಿರಲಿ. 2012ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಕಲಾವಿದೆ ಟಟ್ಯಾನಾ ಫಜ್ಲಲಿಝಾದೆ ಹೀಗೆ ಅಂಟಿಸುತ್ತ ಹೋದದ್ದು ಬೀದಿಯಲ್ಲಿ ಕಿರುಕುಳ ಉಂಡ ಹೆಂಗಸರ ಪೆನ್ಸಿಲ್ ಭಾವಚಿತ್ರಗಳನ್ನು, ಅಡಿಯಲ್ಲಿ ಅವರ ಮಾತಿನಿಂದಲೇ ಹೊರಟ ಒಂದು ಸಾಲನ್ನು. ಮೊದಲು ಅವರ ಜತೆ ಕೂತು ಮಾತಾಡಿ, ಆಮೇಲೆ ಚಿತ್ರ.

ಗೋಡೆಯನ್ನು ಬಿಡಲು ಮನಸ್ಸೇ ಬಾರದಿದ್ದರೆ ಅದರ ಮುಂದೆ ಒಂದು ಹಗ್ಗ ಕಟ್ಟಿ. 1978ರಲ್ಲಿ ಮೆಕ್ಸಿಕೋ ನಗರದ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಕಲಾವಿದೆ ಮೋನಿಕಾ ಮೇಯರ್ ಕಟ್ಟಿದ ಬಟ್ಟೆ ಒಣಹಾಕುವ ಹಗ್ಗದಲ್ಲಿ ಗುಲಾಬಿ ಚೀಟಿಗಳು ತೂಗಿದವು. 800 ಹೆಂಗಸರಿಗೆ ಆಕೆ ಕೊಟ್ಟದ್ದು ಒಂದು ಅರ್ಧ ವಾಕ್ಯ: ಹೆಣ್ಣಾಗಿ ಈ ನಗರದಲ್ಲಿ ನನಗೆ ಎಲ್ಲಕ್ಕಿಂತ ಬೇಡವಾದದ್ದು... ಉತ್ತರಗಳು ಬೀದಿಯ, ಬಸ್ಸಿನ ಲೈಂಗಿಕ ಕಿರುಕುಳದ ಕಡೆಗೇ ಹರಿದವು. ‘ಸಮಾನತೆ ಎಂದರೆ ನಿಮಗೇನು’ ಎಂದು ಕೇಳಿದ್ದರೆ ಎಲ್ಲರೂ ಸುಭಾಷಿತ ಬರೆದುಕೊಡುತ್ತಿದ್ದರು. ಅರ್ಧ ವಾಕ್ಯದಲ್ಲಿ ಒಂದು ಜಾಗವಿರಲಿ, ಒಂದು ಅಸಮಾಧಾನವಿರಲಿ.

ಇದರಲ್ಲಿ ಕೆಡುವುದೂ ಉಂಟು. ಬರೆದವರೇ ಚೀಟಿ ಸಿಕ್ಕಿಸಿದರೆ ಪಕ್ಕದವರಿಗೆ ಗೊತ್ತಾಗುತ್ತದೆ. ಮುಚ್ಚಿದ ಡಬ್ಬಿಗೆ ಹಾಕಿಸಿ, ಸಂಜೆ ಇಬ್ಬರು ಓದಿ, ಯಾರದಾದರೂ ಗುರುತು ಸಿಗುವಂಥ ಹೆಸರು, ಊರು, ಕಚೇರಿ ಇದ್ದರೆ ಬೇರೆಯವರ ಕೈಬರಹದಲ್ಲಿ ಅದನ್ನು ಬಿಟ್ಟು ಬರೆದು ತೂಗುಹಾಕಿ. ಮೂಲ ಚೀಟಿಯನ್ನು ಒಬ್ಬರ ಜವಾಬ್ದಾರಿಯಲ್ಲಿಡಿ. ಯಾರೋ ಈಗಲೂ ಅಪಾಯದಲ್ಲಿರುವುದು ಗೊತ್ತಾದರೆ ಏನು ಮಾಡುವುದೆಂದು ಹಗ್ಗ ಕಟ್ಟುವ ಮುಂಚೆಯೇ ಮಾತಾಡಿಕೊಂಡಿರಬೇಕು, ಸಹಾಯವಾಣಿಯ ಸಂಖ್ಯೆ ದೊಡ್ಡದಾಗಿ ಅಲ್ಲೇ ಇರಬೇಕು. ಪೋಸ್ಟ್‌ಕಾರ್ಡಿನಷ್ಟು ದಪ್ಪದ ಕಾಗದ, ಬಾಲ್ ಪೆನ್ನು ಅಥವಾ ಪೆನ್ಸಿಲ್. ಜೆಲ್ ಪೆನ್ನಿನ ಶಾಯಿ ಇಬ್ಬನಿಗೇ ಹರಡುತ್ತದೆ. ಎರಡು ಮೂರು ಮೀಟರಿಗೊಂದು ಆಧಾರ ಕೊಡದಿದ್ದರೆ ಚೀಟಿಗಳ ಭಾರಕ್ಕೆ ಹಗ್ಗ ಜೋಲುತ್ತದೆ.

ಈಗ ನನ್ನ ಹಳೆಯ ಸಿಟ್ಟು. ನಿಮ್ಮ ಗುಂಪಿನಲ್ಲಿ ಹೊಲಿಗೆ ಎಂದವರ ಮಾತು ಪತ್ರದ ಕೊನೆಯಲ್ಲಿ, ‘ಬೇಕಂತೆ’ ಎಂಬ ಉದಾಸೀನದಲ್ಲಿ ಬಂದಿದೆ, ಗಮನಿಸಿದಿರಾ? ಇದು ನಿಮ್ಮೊಬ್ಬರ ದೋಷವಲ್ಲ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ ಹುಟ್ಟಿದಾಗ ಸಂಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು, ಏಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಸದಸ್ಯರು ನಗ್ನ ರೂಪದರ್ಶಿಯ ಸುತ್ತ ನೆರೆದ ಗುಂಪುಚಿತ್ರವನ್ನು ಜೋಹಾನ್ ಝೋಫನಿ ಬರೆದಾಗ ಈ ಇಬ್ಬರನ್ನು ಗೋಡೆಗೆ ತೂಗುಹಾಕಿದ ಭಾವಚಿತ್ರಗಳನ್ನಾಗಿ ಮಾಡಿದ. ಸಭೆಯ ಸದಸ್ಯೆಯರು ಸಭೆಯ ಅಲಂಕಾರವಾದರು. ಆಮೇಲೆ ಮತ್ತೊಬ್ಬ ಹೆಣ್ಣು ಪೂರ್ಣ ಸದಸ್ಯೆಯಾಗಿ ಆಯ್ಕೆಯಾದದ್ದು 1936ರಲ್ಲಿ, ಲಾರಾ ನೈಟ್. ಅದೇ ಅಕಾಡೆಮಿ ತನ್ನ ಆರಂಭದ ವರ್ಷಗಳಲ್ಲೇ ಸೂಜಿಯ ಕೆಲಸ, ಕಾಗದ ಕತ್ತರಿಸಿದ ಕೆಲಸ ಪ್ರದರ್ಶನಕ್ಕೆ ಸಲ್ಲದು ಎಂದು ನಿಯಮ ಮಾಡಿತ್ತು. ಹೆಂಗಸರ ಕೈಗೆ ಸಿಕ್ಕ ಸಾಧನ ಯಾವುದೋ ಅದು ಕಲೆಯಲ್ಲ ಎಂದುಬಿಟ್ಟರೆ ಕಲಾವಿದೆಯರೇ ಇಲ್ಲ ಎನ್ನುವುದು ಸುಲಭ. 1919ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಬೌಹೌಸ್ ಕಲಾಶಾಲೆ ಎಲ್ಲರಿಗೂ ಬಾಗಿಲು ತೆರೆದಿದ್ದೇವೆಂದು ಹೇಳಿಕೊಂಡೇ ಹೆಣ್ಣುಮಕ್ಕಳನ್ನು ನೇಯ್ಗೆಯ ಕೋಣೆಗೆ ಕಳಿಸಿತು. ಆ ಕೋಣೆಯಿಂದಲೇ ಆನಿ ಆಲ್ಬರ್ಸ್ ಎದ್ದುಬಂದು 1949ರಲ್ಲಿ ನ್ಯೂಯಾರ್ಕಿನ ಅದೇ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಿದಳೆಂಬುದು ಬೇರೆ ಮಾತು.

ಹೊಲಿಗೆಯನ್ನು ಕೀಳಾಗಿ ಕಾಣುವ ಕಣ್ಣು ಒಮ್ಮೊಮ್ಮೆ ಮೋಸಹೋಗುವುದೂ ಉಂಟು. ಚಿಲಿಯಲ್ಲಿ ಪಿನೋಚೆ ಸರ್ವಾಧಿಕಾರದ ಕಾಲದಲ್ಲಿ, ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರು ಗೋಣಿಬಟ್ಟೆಯ ಮೇಲೆ ಚಿಂದಿಗಳನ್ನು ಹೊಲಿದು ‘ಅರ್ಪಿಯೇರಾ’ ಎಂಬ ಚಿತ್ರಪಟ ಮಾಡಿದರು. ಬೆಟ್ಟ, ಸೂರ್ಯ, ಪುಟ್ಟ ಬೊಂಬೆಗಳು. ನಡುವೆ ಪೊಲೀಸರು, ಬಾಗಿಲು ಮುಚ್ಚಿದ ಕಾರ್ಖಾನೆ, ‘ಅವರೆಲ್ಲಿ?’ ಎಂಬ ಪ್ರಶ್ನೆ. ಎಷ್ಟೋ ಪಟಗಳ ಹಿಂದಿನ ಜೇಬಿನಲ್ಲಿ ಹೊಲಿದವಳ ಚೀಟಿಯಿತ್ತು. ಚರ್ಚಿನ ನೆರವಿನಿಂದ ಅವು ಹೊರದೇಶಗಳಲ್ಲಿ ಮಾರಾಟವಾಗಿ, ಸುದ್ದಿಯನ್ನೂ ಸಾಗಿಸಿದವು, ಮನೆಗೆ ಅಕ್ಕಿಬೇಳೆಯನ್ನೂ ತಂದವು. ಆ ಹೆಂಗಸರು ಹೆಸರು ಮುಚ್ಚಿಟ್ಟದ್ದು ಜೀವಭಯದಿಂದ. ಈಗಿನ ಪ್ರದರ್ಶನಗಳಲ್ಲಿ ‘ಮಹಿಳಾ ಗುಂಪಿನ ಕೆಲಸ’ ಎಂದು ಚೀಟಿ ಅಂಟಿಸಿ ಹೆಸರು ಬಿಡುವುದಕ್ಕೆ ಯಾವ ಭಯದ ಕಾರಣವಿದೆ?

ಹಣದ ವಿಷಯದಲ್ಲೂ ಹೀಗೆಯೇ. ಮಾರ್ಚ್ ಬಂದರೆ ಕಲಾವಿದೆಯರಿಗೆ ಕರೆಗಳ ಸುರಿಮಳೆ, ‘ಒಳ್ಳೆಯ ಉದ್ದೇಶ, ಸಂಭಾವನೆ ಇಲ್ಲ’ ಎಂಬ ಒಕ್ಕಣೆಯೊಂದಿಗೆ. ಪೆಂಡಾಲಿನವನಿಗೂ ಧ್ವನಿವರ್ಧಕದವನಿಗೂ ಉದ್ದೇಶದ ಮಾತು ಹೇಳುವ ಧೈರ್ಯ ಯಾರಿಗೂ ಇಲ್ಲ. ಸಮಾನ ಸಂಬಳದ ಬ್ಯಾನರನ್ನು ಪುಕ್ಕಟೆ ಹೊಲಿಸಿಕೊಳ್ಳುವವರನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ನೂರು ವರ್ಷದ ಹಿಂದಿನ ಸಫ್ರೇಜ್ ಅಟೆಲಿಯರ್ ತನಗೆ ಚಿತ್ರ ಬರೆದುಕೊಟ್ಟ ಕಲಾವಿದೆಯರಿಗೆ ಮಾರಾಟದ ಲಾಭದಲ್ಲಿ ಪಾಲು ಕೊಡುತ್ತಿತ್ತು, ಅದೂ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ.

ನೀವು ಪತ್ರದ ಜತೆ ಲಗತ್ತಿಸಿದ ಖರ್ಚಿನ ಪಟ್ಟಿ ನೋಡಿದೆ. ಬಣ್ಣ, ಏಣಿ, ಫೋಟೋಗ್ರಾಫರ್, ಅತಿಥಿಗಳ ಹಾರ ಎಲ್ಲ ಇದೆ. ಕೆಲಸ ಮಾಡುವ ಹನ್ನೆರಡು ಮಂದಿಯ ಕೂಲಿ ಇಲ್ಲ. ಹಾರ ತೆಗೆದುಹಾಕಿ, ಕೂಲಿ ಸೇರಿಸಿ, ಆಮೇಲೆ ದೇಣಿಗೆ ಕೇಳಲು ಹೊರಡಿ.