ಕೋರ್ಸಿನ ಹೆಸರಲ್ಲ, ಪೇಪರುಗಳ ಪಟ್ಟಿ ನೋಡಿ

ಡಿಗ್ರಿ ಆದಮೇಲೆ ಡೇಟಾ ಸೈನ್ಸಾ, ಸ್ಟ್ಯಾಟಿಸ್ಟಿಕ್ಸಾ (ಸಂಖ್ಯಾಶಾಸ್ತ್ರ) ಅಂತ ಪ್ರತಿ ವರ್ಷ ಇದೇ ಗೊಂದಲ ಹೊತ್ತು ಯಾರಾದರೂ ನನ್ನ ಹತ್ತಿರ ಸಲಹೆಗೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿ ವಿಜಯಪುರದಲ್ಲಿ ಬಿಎಸ್ಸಿ ಕೊನೆಯ ವರ್ಷ. ಗಣಿತ, ಸ್ಟ್ಯಾಟಿಸ್ಟಿಕ್ಸ್ ಓದುತ್ತಾಳೆ. ಮನೆಯಲ್ಲಿ ದ್ರಾಕ್ಷಿ ತೋಟ. ಬೆಂಗಳೂರಿನ ಕಾಕಾ ಖಾಸಗಿ ಕಾಲೇಜೊಂದರ ಡೇಟಾ ಸೈನ್ಸ್ ಎಂಎಸ್ಸಿ ನೋಡಿಟ್ಟಿದ್ದರು. ತಿಂಗಳೊಳಗೆ ಮುಂಗಡ ಕಟ್ಟಿ ಸೀಟು ಹಿಡಿಯಬೇಕು, ಉಳಿದದ್ದಕ್ಕೆ ಸಾಲ. ಆಕೆಗೆ ಮನಸ್ಸಿದ್ದದ್ದು ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಮೇಲೆ. ಮನೆಯಲ್ಲಿ ಹೇಳಲು ಧೈರ್ಯ ಸಾಲದು.

ಎರಡನೇ ಸಲ ಅಪ್ಪನನ್ನೂ ಕರೆಸಿದೆ. ಕೂತವರೇ ಕೇಳಿದರು, "ಮೇಡಂ, ಇದನ್ನ ಕಲ್ತು ಏನ್ ಮಾಡ್ತಾಳ್ರಿ? ಮಾಸ್ತರಿಕಿ ಅಷ್ಟೇ ಅಲ್ಲೇನ್ರಿ?"

ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ, ಔಷಧ ಕಂಪನಿ, ವಿಮೆ ಅಂತ ಹೇಳಬಹುದಿತ್ತು. ಆಮೇಲೆ ಹೇಳಿದೆ ಕೂಡ. ಮೊದಲು ಮಗಳನ್ನು ಕೇಳಿದೆ, "ಅರ್ಧ ತೋಟಕ್ಕೆ ಹೊಸ ಗೊಬ್ಬರ ಹಾಕಿದಿರಿ, ಅಲ್ಲಿ ಇಳುವರಿ ಜಾಸ್ತಿ ಬಂತು. ಗೊಬ್ಬರ ಒಳ್ಳೇದು ಅನ್ನಬಹುದಾ?"

ಆಕೆ ಬಾಯಿ ತೆರೆಯುವ ಮೊದಲೇ ಅಪ್ಪ, "ಯಾವ ಅರ್ಧಕ್ಕ ಹಾಕಿದ್ರಿ? ಬಾವಿ ಕಡಿ ಸಾಲು ಹೆಂಗೂ ಚೊಲೋ ಬರ್ತಾವ್ರಿ" ಎಂದರು.

ಮಗಳು ಅವರ ಕಡೆ ತಿರುಗಿದಳು. "ಅದಕ್ಕಪ್ಪಾ, ಬಾವಿ ಕಡಿ ಸಾಲು ಒಂದು ಗುಂಪು, ಆಚಿ ಕಡಿವು ಇನ್ನೊಂದು ಗುಂಪು ಮಾಡಬೇಕು. ಎರಡರಾಗೂ ಯಾವ ಸಾಲಿಗೆ ಗೊಬ್ಬರ ಅಂತ ಚೀಟಿ ಎತ್ತಬೇಕು. ನಾವ ಆರಿಸಿದ್ರ ಚೊಲೋ ಸಾಲಿಗೇ ಕೈ ಹೋಗ್ತೈತಿ." ಅಲ್ಲಿಯವರೆಗೆ ಆಕೆ ನನ್ನೆದುರು ಅಷ್ಟು ಮಾತಾಡಿರಲಿಲ್ಲ. ಅಪ್ಪ ಅರ್ಧ ಗಂಟೆ ಪ್ರಶ್ನೆ ಕೇಳಿದರು, ನಾನು ಸುಮ್ನೆ ಕೂತಿದ್ದೆ.

ಮಗಳು ಹೇಳಿದ್ದಕ್ಕೆ ಪ್ರಯೋಗ ವಿನ್ಯಾಸ ಅಂತ ಹೆಸರು. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ಫಿಶರ್ ಇದನ್ನು ಬೆಳೆಸಿದ್ದೂ ಹೊಲದ ಲೆಕ್ಕದಿಂದಲೇ. ಕಾಕಾ ಹೇಳಿದ ಕೋರ್ಸಿನ ಸಿಲಬಸ್ ತೆಗೆದು ನೋಡಿದೆವು. ಪ್ರಯೋಗ ವಿನ್ಯಾಸವೂ ಇಲ್ಲ, ಕೆಲವರನ್ನಷ್ಟೇ ಆರಿಸಿ ಇಡೀ ಗುಂಪಿನ ಅಂದಾಜು ಹಾಕುವ ಸ್ಯಾಂಪ್ಲಿಂಗೂ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಅಂತ ಇದ್ದದ್ದು ಒಂದೇ ಪೇಪರು, ಅದನ್ನು ಆಕೆ ಬಿಎಸ್ಸಿಯಲ್ಲೇ ಮುಗಿಸಿದ್ದಳು.

ಮುಂಗಡ ಕಟ್ಟಬೇಡಿ ಎಂದೆ. ಫೆಬ್ರವರಿಯಲ್ಲಿ ಎಂಎಸ್ಸಿ ಪ್ರವೇಶದ ಜ್ಯಾಮ್ ಪರೀಕ್ಷೆಯ ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದರೆ ಐಐಟಿಗಳಿಗೆ ಅವಕಾಶ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಸ್ನಾತಕೋತ್ತರ ಕೋರ್ಸು ಎಂ.ಸ್ಟ್ಯಾಟ್‌ಗೆ ಬೋಧನಾ ಶುಲ್ಕವಿಲ್ಲ, ಸ್ಟೈಪೆಂಡ್ ಉಂಟು. ಆದರೆ ಅಲ್ಲಿ ಥಿಯರಿ ಜಾಸ್ತಿ. ಇವೆರಡೂ ಆಗದಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಂಎಸ್ಸಿ ಇದ್ದೇ ಇದೆ. ಡೇಟಾ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆಗಳಾದ ಆರ್, ಪೈಥಾನ್ ಎರಡೂ ಪುಕ್ಕಟೆ ಸಿಗುತ್ತವೆ, ಮನೆಯಲ್ಲೇ ಶುರು ಮಾಡಬಹುದು.

ನಾನು ಡೇಟಾ ಸೈನ್ಸ್ ವಿರೋಧಿ ಅಂತ ಕೆಲವರ ದೂರು. ಬಿಸಿಎ ಮುಗಿಸಿದ ಎಷ್ಟೋ ಮಕ್ಕಳಿಗೆ ಅದನ್ನೇ ತಗೊಳ್ಳಿ ಅಂದಿದ್ದೇನೆ. ಆದರೆ ತೋಟ ಅಡವಿಟ್ಟು ಸಾಲ ಮಾಡುವ ಮನೆಯವರಿಗೆ ಪೇಪರುಗಳ ಪಟ್ಟಿ ಓದಿ, ಕಾಯಂ ಅಧ್ಯಾಪಕರು ಎಷ್ಟು ಮಂದಿ ಕೇಳಿ, ಹಿಂದಿನ ಬ್ಯಾಚಿನ ಇಬ್ಬರಿಗೆ ನೀವೇ ಫೋನ್ ಮಾಡಿ ಅನ್ನುವುದು ತಪ್ಪಾ? ಸೀಟು ಖಾಲಿಯಾಗುತ್ತೆ ಅಂತ ಅವಸರ ಮಾಡುವವರ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಮುಂಗಡ ಕಟ್ಟಲಿಲ್ಲ. ಕಾಕಾ ಇನ್ನೂ ಸಿಟ್ಟಿನಲ್ಲಿದ್ದಾರೆ. ಜ್ಯಾಮ್‌ನ ಆ ಪೇಪರಿನಲ್ಲಿ ಸುಮಾರು ಶೇ 30ರಷ್ಟು ಗಣಿತ ಬರುತ್ತದೆ. ಆಕೆಗೆ ಲೀನಿಯರ್ ಆಲ್ಜಿಬ್ರಾ ಕಷ್ಟ, ಅದಕ್ಕೆ ಕಾಲೇಜಿನ ಗಣಿತದ ಸರ್ ಹತ್ತಿರ ಸಂಜೆ ಹೋಗುತ್ತಿದ್ದಾಳೆ.